ಬೆಳಿಗ್ಗೆ ಮಾತ್ರ ಟ್ರಿಪ್ ಆಗುವ ಹೀಟಿಂಗ್ ಪಂಪ್: ಮೋಟಾರ್ ಬದಲಿಸಿದರೂ ದೋಷ ಹೋಗಲಿಲ್ಲವೇಕೆ?

ಪ್ರಶ್ನೆ: ವಾಣಿಜ್ಯ ಕಟ್ಟಡವೊಂದರ ಮೇಂಟೆನೆನ್ಸ್ ನನ್ನ ಹೊಣೆ. ಬಾಯ್ಲರ್‌ನ ಬಿಸಿನೀರನ್ನು ಎಲ್ಲ ಮಹಡಿಗಳ ರೇಡಿಯೇಟರ್‌ಗಳಿಗೆ ಸುತ್ತಿಸಲು 2 ಪಂಪ್‌ಗಳಿವೆ. 1ನೆಯದು ಓಡುತ್ತದೆ, 2ನೆಯದು ಸ್ಟ್ಯಾಂಡ್‌ಬೈ. ಎರಡೂ 5.5 ಕಿಲೋವ್ಯಾಟ್, 415 ವೋಲ್ಟ್, ನೇಮ್‌ಪ್ಲೇಟ್‌ನಲ್ಲಿ 10.6 ಆಂಪಿಯರ್, ಡಿಒಎಲ್ ಸ್ಟಾರ್ಟರ್ (ಮೋಟಾರನ್ನು ನೇರವಾಗಿ ಪೂರ್ತಿ ವೋಲ್ಟೇಜ್‌ಗೆ ಕೂಡಿಸುವ ಬಗೆ). ಕೆಲವು ವಾರಗಳಿಂದ 1ನೇ ಪಂಪ್ ಬೆಳಿಗ್ಗೆ ಚಾಲೂ ಆದ 15–20 ನಿಮಿಷಕ್ಕೆ ಓವರ್‌ಲೋಡ್ ರಿಲೇ (ಕರೆಂಟ್ ಹೆಚ್ಚಾದರೆ ಮೋಟಾರ್ ನಿಲ್ಲಿಸುವ ಸಾಧನ) ಟ್ರಿಪ್ ಆಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ರೀಸೆಟ್ ಒತ್ತಿದರೆ ಓಡುತ್ತದೆ. ಮಧ್ಯಾಹ್ನದ ಮೇಲೆ ತಂಟೆಯೇ ಇಲ್ಲ. 2ನೇ ಪಂಪ್ ಓಡಿಸಿದರೆ ಟ್ರಿಪ್ ಕಡಿಮೆ, ಆದರೆ ಅದೂ ಒಮ್ಮೊಮ್ಮೆ ಆಗುತ್ತದೆ. 1ನೆಯದರ ಮೋಟಾರ್ ರೀವೈಂಡ್ ಮಾಡಿಸಿದೆವು, ಆಮೇಲೆ ಹೊಸ ಮೋಟಾರನ್ನೇ ಹಾಕಿದೆವು, ಪ್ರಯೋಜನವಾಗಲಿಲ್ಲ. ರಿಲೇ ವೀಕ್ ಆಗಿದೆ ಎಂದು ಎಲೆಕ್ಟ್ರಿಷಿಯನ್ ಸೆಟ್ಟಿಂಗ್ ಅನ್ನು 13 ಆಂಪಿಯರ್‌ಗೆ ಏರಿಸಿದ್ದಾರೆ; ಈಗ ಟ್ರಿಪ್ ಅಪರೂಪ, ಆದರೆ ಮೋಟಾರ್ ಮೇಲೆ ಕೈ ಇಡಲಾಗುವುದಿಲ್ಲ. ಪಂಪ್ ಕೊಟ್ಟವರು ವೋಲ್ಟೇಜ್ ಕಡಿಮೆ ಎನ್ನುತ್ತಾರೆ. ಇದರ ಜೊತೆಗೆ ಆಟೋ ಮೋಡ್‌ನಲ್ಲಿ ಕೆಲವು ದಿನ ಕಾಂಟ್ಯಾಕ್ಟರ್ (ಮೋಟಾರ್‌ಗೆ ಸಪ್ಲೈ ಕೂಡಿಸಿ ಬಿಡಿಸುವ ವಿದ್ಯುತ್ಕಾಂತೀಯ ಸ್ವಿಚ್) ಟರ್ರ್ ಎಂದು ಬಡಿದುಕೊಳ್ಳುತ್ತದೆ, ಹ್ಯಾಂಡ್‌ನಲ್ಲಿ ಹಾಕಿದರೆ ಸದ್ದಿಲ್ಲ. ಇದೆಲ್ಲ ಶುರುವಾಗುವ ಮುಂಚೆ ಪೈಪ್‌ಲೈನ್ ಫ್ಲಶ್ ಮಾಡಿಸಿದ್ದೆವು, ಅದಕ್ಕೂ ಇದಕ್ಕೂ ಸಂಬಂಧವಿರಲಿಕ್ಕಿಲ್ಲ. ರಿಲೇ ಬದಲಿಸಲೇ, 7.5 ಕಿಲೋವ್ಯಾಟ್ ಮೋಟಾರ್ ಹಾಕಲೇ, ವಿಎಫ್‌ಡಿ (ಮೋಟಾರ್‌ನ ವೇಗ ಬದಲಿಸುವ ಡ್ರೈವ್) ತರಿಸಲೇ? ರಿಲೇಯನ್ನು ಆಟೋ ರೀಸೆಟ್‌ಗೆ ಹಾಕಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ವೈಂಡಿಂಗ್, ಹೊಸ ಮೋಟಾರ್, ರಿಲೇ ಸೆಟ್ಟಿಂಗ್, ವೋಲ್ಟೇಜ್ ಎಲ್ಲವೂ ಇವೆ. ಟ್ರಿಪ್ ಆಗುವ ಹೊತ್ತಿನಲ್ಲಿ ಮೂರು ಫೇಸ್‌ಗಳಲ್ಲಿ ಎಷ್ಟು ಕರೆಂಟ್ ಹರಿಯುತ್ತಿತ್ತು ಎಂಬುದು ಮಾತ್ರ ಇಲ್ಲ. ಆ ಮೂರು ಅಂಕಿ ಸಿಗುವವರೆಗೆ ಇನ್ನೊಂದು ವಸ್ತುವನ್ನೂ ಬದಲಿಸಬೇಡಿ. ನಿಮಗೆ ಸಂಬಂಧವಿಲ್ಲ ಎನಿಸಿದ ಫ್ಲಶಿಂಗ್ ವಿಷಯವೇ ನನಗೆ ಇಡೀ ಪತ್ರದಲ್ಲಿ ಹೆಚ್ಚು ತೂಕದ್ದಾಗಿ ಕಾಣುತ್ತಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಆ 15–20 ನಿಮಿಷವನ್ನು ನೋಡೋಣ. ಬೈಮೆಟಲ್ ಓವರ್‌ಲೋಡ್ ರಿಲೇ, ಅಂದರೆ ಕರೆಂಟಿನ ಬಿಸಿಗೆ ಬಾಗುವ ಜೋಡಿ ಲೋಹದ ಪಟ್ಟಿಯದ್ದು, ಮನಸ್ಸಿಗೆ ಬಂದಂತೆ ಟ್ರಿಪ್ ಆಗುವುದಿಲ್ಲ, ಅದಕ್ಕೊಂದು ಲೆಕ್ಕವಿದೆ. ಸೆಟ್ಟಿಂಗ್‌ನ 1.05 ಪಟ್ಟು ಕರೆಂಟ್ ಇದ್ದರೆ ಅದು 2 ಗಂಟೆಯಾದರೂ ಟ್ರಿಪ್ ಆಗಬಾರದು. 1.2 ಪಟ್ಟು ಇದ್ದರೆ 2 ಗಂಟೆಯೊಳಗೆ ಆಗಲೇಬೇಕು. ಬಿಸಿಯಾಗಿರುವ ಕ್ಲಾಸ್ 10 (ಟ್ರಿಪ್ ವೇಗದ ದರ್ಜೆ) ರಿಲೇ 1.5 ಪಟ್ಟಿಗೆ 4 ನಿಮಿಷದೊಳಗೆ ಆಗಬೇಕು. ತಣ್ಣಗಿರುವಾಗ 7.2 ಪಟ್ಟಿಗೆ, ಅಂದರೆ ಮೋಟಾರ್ ಜಾಮ್ ಆದಂಥ ಸ್ಥಿತಿಗೆ, 4ರಿಂದ 10 ಸೆಕೆಂಡಿನಲ್ಲಿ. ನಿಮ್ಮದು 10.6ರ ಸೆಟ್ಟಿಂಗ್‌ನಲ್ಲಿ 15–20 ನಿಮಿಷ ತೆಗೆದುಕೊಂಡಿದೆ. ಹಾಗಾದರೆ ಶಾರ್ಟ್ ಇಲ್ಲ, ಜಾಮ್ ಇಲ್ಲ, ಒಂದು ಫೇಸ್ ಪೂರ್ತಿ ಹೋಗಿರುವುದೂ ಅಲ್ಲ. ಪೂರ್ತಿ ಲೋಡ್‌ನಲ್ಲಿ ಫೇಸ್ ಹೋದರೆ ಉಳಿದ ಎರಡರಲ್ಲಿ ಕರೆಂಟ್ ಸುಮಾರು 1.7 ಪಟ್ಟಾಗಿ ರಿಲೇ ಒಂದೆರಡು ನಿಮಿಷದಲ್ಲೇ ಬೀಳುತ್ತಿತ್ತು. ಉಳಿಯುವುದು ನೇಮ್‌ಪ್ಲೇಟ್‌ಗಿಂತ 20–30 ಶೇಕಡಾ ಮೇಲಿನ ಮಂದ ಓವರ್‌ಲೋಡ್, ಇಲ್ಲವೇ ಕರೆಂಟ್ ಸರಿಯಿದ್ದೂ ರಿಲೇಗೆ ಹೊರಗಿನಿಂದ ಶಾಖ ತಗಲುತ್ತಿರುವುದು. 13ಕ್ಕೆ ಏರಿಸಿದ ಮೇಲೆ ಟ್ರಿಪ್ ಅಪರೂಪವಾಗಿದೆ ಎಂಬುದೂ ಈ ಲೆಕ್ಕಕ್ಕೆ ಹೊಂದುತ್ತದೆ.

ಆ 13ರ ಸೆಟ್ಟಿಂಗ್ ಅನ್ನು ಇವತ್ತೇ 10.6ಕ್ಕೆ ಇಳಿಸಿ. ವೈಂಡಿಂಗ್‌ನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣ. 10.6ರ ಜಾಗದಲ್ಲಿ 13 ಹರಿದರೆ ಶಾಖ ಒಂದೂವರೆ ಪಟ್ಟು. ಇನ್ಸುಲೇಷನ್ ತನ್ನ ಮಿತಿ ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕೆಲಸದವರೆಲ್ಲ ಬಳಸುವ ಲೆಕ್ಕ. ಹಳೆಯ ಮೋಟಾರ್‌ನ ವೈಂಡಿಂಗ್ ಹೋಗಿದ್ದರೆ ಅದು ಟ್ರಿಪ್‌ಗೆ ಕಾರಣವಾಗಿರದೆ, ಅದೇ ಓವರ್‌ಲೋಡ್‌ನ ಫಲವಾಗಿದ್ದಿರಬಹುದು. ಸೆಟ್ಟಿಂಗ್ ಇಳಿಸಿದರೆ ಬೆಳಿಗ್ಗೆ ಕಟ್ಟಡ ತಣ್ಣಗಾಗುತ್ತದಲ್ಲ ಎಂದು ನೀವು ಕೇಳಬಹುದು. ಅದಕ್ಕೊಂದು ತಾತ್ಕಾಲಿಕ ಉಪಾಯವಿದೆ: ಪಂಪ್ ಓಡುತ್ತಿರುವಾಗ ಡೆಲಿವರಿ ವಾಲ್ವ್ ಅನ್ನು ನಿಧಾನವಾಗಿ ಮುಚ್ಚುತ್ತ ಬಂದು, ಕ್ಲ್ಯಾಂಪ್ ಮೀಟರ್‌ನಲ್ಲಿ 10.5 ಬಂದಾಗ ನಿಲ್ಲಿಸಿ. ಸಕ್ಷನ್ ವಾಲ್ವ್ ಮುಟ್ಟಬೇಡಿ, ಅಲ್ಲಿ ಮುಚ್ಚಿದರೆ ಕ್ಯಾವಿಟೇಷನ್ (ನೀರಿನಲ್ಲಿ ಆವಿಯ ಗುಳ್ಳೆ ಹುಟ್ಟಿ ಒಡೆಯುವುದು) ಶುರುವಾಗಿ ಇಂಪೆಲ್ಲರ್ ಮತ್ತು ಸೀಲ್ ಎರಡೂ ಹಾಳಾಗುತ್ತವೆ.

ವಾಲ್ವ್ ಮುಚ್ಚಿದರೆ ಮೋಟಾರ್ ಮೇಲೆ ಲೋಡ್ ಏರುವುದಿಲ್ಲವೇ? ಬಹಳ ಜನ ಹಾಗೇ ತಿಳಿದಿದ್ದಾರೆ, ಪಂಪ್ ರೂಮಿನಲ್ಲೇ ಕೆಲಸ ಮಾಡುವವರೂ ಕೂಡ. ಹೀಟಿಂಗ್‌ಗೆ ಬಳಸುವ ಮಾಮೂಲಿ ಸೆಂಟ್ರಿಫ್ಯೂಗಲ್ ಪಂಪ್‌ನಲ್ಲಿ ಇದು ತಿರುಗಾಮುರುಗಾ. ನೀರು ಹೆಚ್ಚು ಹರಿದಷ್ಟೂ ಮೋಟಾರ್ ಹೆಚ್ಚು ಎಳೆಯುತ್ತದೆ, ವಾಲ್ವ್ ಪೂರ್ತಿ ಮುಚ್ಚಿದಾಗ ಎಲ್ಲಕ್ಕಿಂತ ಕಡಿಮೆ. ಹಾಗಂತ ಮುಚ್ಚಿದ ವಾಲ್ವ್ ಮೇಲೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು, ಒಳಗಿನ ನೀರು ಕುದಿದು ಸೀಲ್ ಹೋಗುತ್ತದೆ.

ಮೋಟಾರ್ ಮೇಲೆ ಕೈ ಇಡಲಾಗುವುದಿಲ್ಲ ಎಂಬುದರಿಂದ ನಾನು ಏನನ್ನೂ ತೀರ್ಮಾನಿಸುವುದಿಲ್ಲ. 60 ಡಿಗ್ರಿ ದಾಟಿದ ಲೋಹದ ಮೇಲೆ ಯಾರೂ ಕೈ ಇಡಲಾರರು. ಕ್ಲಾಸ್ ಎಫ್ ಇನ್ಸುಲೇಷನ್ 155 ಡಿಗ್ರಿಯವರೆಗೆ ತಡೆಯುತ್ತದೆ, ಅಂಥ ಮೋಟಾರ್‌ನ ಹೊರಮೈ ಪೂರ್ತಿ ಲೋಡ್‌ನಲ್ಲಿ, ಅದೂ ಬಾಯ್ಲರ್ ಕೋಣೆಯಲ್ಲಿ, 70–80 ಡಿಗ್ರಿ ಇದ್ದರೆ ಆಶ್ಚರ್ಯವಿಲ್ಲ.

ಅಳತೆ ಹೇಗೆ

ಪ್ಯಾನೆಲ್ ಬಾಗಿಲು ತೆರೆದು ಚಾಲೂ ಇರುವಾಗ ಅಳೆಯುವ ಕೆಲಸ ಅರ್ಹ ಎಲೆಕ್ಟ್ರಿಷಿಯನ್‌ನದು, ಪಕ್ಕದಲ್ಲಿ ಇನ್ನೊಬ್ಬರಿರಬೇಕು. ಮೀಟರ್ ಮತ್ತು ಪ್ರೋಬ್ ಕನಿಷ್ಠ ಕ್ಯಾಟ್ 3 (ಮೀಟರ್‌ನ ಸುರಕ್ಷತಾ ವರ್ಗ), 600 ವೋಲ್ಟ್ ದರ್ಜೆಯವು. ವೈರ್ ಬಿಚ್ಚುವ ಕೆಲಸವಿದ್ದರೆ ಐಸೊಲೇಟರ್ ಆಫ್ ಮಾಡಿ ಬೀಗ ಹಾಕಿ, ಟ್ಯಾಗ್ ಕಟ್ಟಿ. ನಂತರ ಟೆಸ್ಟರನ್ನು ಮೊದಲು ಲೈವ್ ಇರುವ ಕಡೆ, ಆಮೇಲೆ ಕೆಲಸ ಮಾಡುವ ಟರ್ಮಿನಲ್‌ಗಳಲ್ಲಿ, ಮತ್ತೆ ಲೈವ್ ಇರುವ ಕಡೆ ಹಿಡಿದು ಖಾತ್ರಿ ಮಾಡಿಕೊಳ್ಳಿ. ಹೀಟಿಂಗ್ ಪ್ಯಾನೆಲ್‌ನಲ್ಲಿ ಇದಕ್ಕೆ ವಿಶೇಷ ಕಾರಣವಿದೆ: ಬಾಯ್ಲರ್ ಪ್ಯಾನೆಲ್‌ನಿಂದಲೋ ಬಿಎಂಎಸ್‌ನಿಂದಲೋ (ಕಟ್ಟಡದ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಬರುವ ಕಂಟ್ರೋಲ್ ವೈರ್‌ಗಳಿಗೆ ಸಪ್ಲೈ ಬೇರೆ ಕಡೆಯದು. ನಿಮ್ಮ ಐಸೊಲೇಟರ್ ಆಫ್ ಆದರೂ ಅವುಗಳಲ್ಲಿ 230 ವೋಲ್ಟ್ ಉಳಿದಿರಬಹುದು. ಒಂದು ಪಂಪ್ ನಿಲ್ಲಿಸಿದ ಕ್ಷಣ ಇನ್ನೊಂದು ತಾನಾಗಿ ಚಾಲೂ ಆಗುತ್ತದೆ ಎಂಬುದೂ ನೆನಪಿರಲಿ.

ಬೆಳಿಗ್ಗೆ ಪಂಪ್ ಚಾಲೂ ಆದ ಕೂಡಲೇ ಒಮ್ಮೆ, ಆಮೇಲೆ 5 ನಿಮಿಷಕ್ಕೊಮ್ಮೆ, ಟ್ರಿಪ್ ಆಗುವವರೆಗೆ ಅಥವಾ 45 ನಿಮಿಷದವರೆಗೆ, ಆರ್, ವೈ, ಬಿ ಎಂಬ ಮೂರು ಫೇಸ್‌ಗಳ ಕರೆಂಟ್ ಬರೆದುಕೊಳ್ಳಿ. ಅದೇ ಸಾಲಿನಲ್ಲಿ ಫೇಸ್‌ಗಳ ನಡುವಿನ ಮೂರು ವೋಲ್ಟೇಜ್, ಪಂಪ್‌ನ ಸಕ್ಷನ್ ಮತ್ತು ಡೆಲಿವರಿ ಗೇಜ್, ಪ್ಯಾನೆಲ್ ಒಳಗಿನ ತಾಪಮಾನ. ಮಧ್ಯಾಹ್ನ ಇದನ್ನೇ ಒಮ್ಮೆ ತೆಗೆಯಿರಿ, ಹೋಲಿಸಲು ಬೇಕು. ನಿಂತಾಗ ನಿಜವಾಗಿ ರಿಲೇಯೇ ಬಿದ್ದಿದೆಯೇ ಎಂದೂ ನೋಡಿ. ರಿಲೇಯ 97–98 ಕಾಂಟ್ಯಾಕ್ಟ್‌ಗೆ (ಟ್ರಿಪ್ ಆದಾಗ ಕೂಡುವುದು) ಕಟ್ಟಿದ ಟ್ರಿಪ್ ಲ್ಯಾಂಪ್ ಉರಿಯದೆ ಪಂಪ್ ನಿಂತಿದ್ದರೆ ಅದು ಓವರ್‌ಲೋಡ್ ಟ್ರಿಪ್ ಅಲ್ಲ, ಕಂಟ್ರೋಲ್ ಸರ್ಕ್ಯೂಟ್ ಬಿಟ್ಟುಕೊಂಡಿದೆ ಎಂದರ್ಥ.

ಅಂಕಿಗಳು ಕೈಗೆ ಬಂದ ಮೇಲೆ ದಾರಿ ಮೂರೇ: ಮೂರು ಫೇಸ್‌ನಲ್ಲೂ ಸಮನಾಗಿ ಹೆಚ್ಚು, ಒಂದರಲ್ಲಿ ಮಾತ್ರ ಹೆಚ್ಚು, ಅಥವಾ ಮೂರೂ ಸರಿಯಿದ್ದು ಟ್ರಿಪ್.

ಮೂರೂ ಸಮನಾಗಿ ಹೆಚ್ಚಿದ್ದರೆ

ಉದಾಹರಣೆಗೆ 13.1, 13.0, 13.2 ಬಂತು ಎನ್ನಿ. ಆಗ ಸ್ಟಾರ್ಟರ್, ಕೇಬಲ್, ರಿಲೇ ಎಲ್ಲಕ್ಕೂ ಕ್ಲೀನ್ ಚಿಟ್. ಮೋಟಾರ್ ತನಗೆ ಹೇಳಿದ ಕೆಲಸ ಮಾಡುತ್ತಿದೆ, ಹೇಳಿದ ಕೆಲಸವೇ ಜಾಸ್ತಿಯಾಗಿದೆ. ನಿಮ್ಮ ಪತ್ರ ಓದಿದಾಗ ನನ್ನ ಮೊದಲ ಅನುಮಾನ ಇಲ್ಲೇ.

ಬೆಳಿಗ್ಗೆ ಕಟ್ಟಡ ತಣ್ಣಗಿರುತ್ತದೆ, ಆದ್ದರಿಂದ ಪ್ರತಿ ಮಹಡಿಯ ಕಂಟ್ರೋಲ್ ವಾಲ್ವ್ ಪೂರ್ತಿ ತೆರೆದುಕೊಂಡಿರುತ್ತದೆ. ನೀರಿಗೆ ಅಡ್ಡಿ ಕಡಿಮೆ, ಹರಿವು ಅತಿ ಹೆಚ್ಚು, ಕರೆಂಟೂ ಅತಿ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಕೋಣೆಗಳು ಬೆಚ್ಚಗಾಗಿ ವಾಲ್ವ್‌ಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ, ಹರಿವು ಇಳಿಯುತ್ತದೆ, ಕರೆಂಟ್ ಇಳಿಯುತ್ತದೆ. ಬೆಳಿಗ್ಗೆ ಮಾತ್ರ ಟ್ರಿಪ್ ಎಂಬ ನಿಮ್ಮ ವಿವರಣೆಗೆ ಇದಕ್ಕಿಂತ ಸರಳ ಕಾರಣ ನನಗೆ ಕಾಣುತ್ತಿಲ್ಲ. ಇದು ಮೊದಲಿನಿಂದಲೂ ಯಾಕೆ ಆಗಲಿಲ್ಲ? ಇಲ್ಲಿ ಫ್ಲಶಿಂಗ್ ಬರುತ್ತದೆ. ಲೈನ್ ತೊಳೆಯುವವರು ಬ್ಯಾಲೆನ್ಸಿಂಗ್ ವಾಲ್ವ್‌ಗಳನ್ನು (ಪ್ರತಿ ಕವಲಿಗೆ ಎಷ್ಟು ನೀರು ಎಂದು ಹೊಂದಿಸುವವು) ಪೂರ್ತಿ ತೆರೆಯುತ್ತಾರೆ, ಕೆಲವೊಮ್ಮೆ ಬೈಪಾಸ್ ಕೂಡ. ಕೆಲಸ ಮುಗಿದ ಮೇಲೆ ಎಷ್ಟು ಸುತ್ತಿನಲ್ಲಿತ್ತೋ ಅಷ್ಟಕ್ಕೆ ಮರಳಿಸಬೇಕು. ಬರೆದಿಟ್ಟುಕೊಳ್ಳದಿದ್ದರೆ ಅದು ಹಾಗೇ ಉಳಿಯುತ್ತದೆ. ಸ್ಟ್ರೇನರ್ ಕೂಡ ಶುಚಿಯಾಗಿ ಅಡ್ಡಿ ಇನ್ನಷ್ಟು ಕಡಿಮೆಯಾಗಿರುತ್ತದೆ. ಗೇಜ್ ಇದನ್ನು ತೋರಿಸಿಕೊಡುತ್ತದೆ: ಡೆಲಿವರಿ ಮತ್ತು ಸಕ್ಷನ್ ಒತ್ತಡದ ವ್ಯತ್ಯಾಸ ಪಂಪ್‌ನ ನೇಮ್‌ಪ್ಲೇಟ್‌ನ ಹೆಡ್‌ಗಿಂತ (ನೀರನ್ನು ಎಷ್ಟು ಮೀಟರ್ ಎತ್ತಬಲ್ಲದು ಎಂಬ ಲೆಕ್ಕದ ಒತ್ತಡ) ಸಾಕಷ್ಟು ಕಡಿಮೆ ಇದ್ದು ಕರೆಂಟ್ ಹೆಚ್ಚಿದ್ದರೆ ಪಂಪ್ ತನ್ನ ಕರ್ವ್‌ನ, ಅಂದರೆ ಹರಿವು–ಹೆಡ್ ನಕ್ಷೆಯ, ಅತಿ ಹೆಚ್ಚು ಹರಿವಿನ ಬಲತುದಿಯಲ್ಲಿ ಓಡುತ್ತಿದೆ. 1 ಬಾರ್ ಅಂದರೆ ಸುಮಾರು 10.2 ಮೀಟರ್ ಹೆಡ್ ಎಂದು ಲೆಕ್ಕ ಹಾಕಿಕೊಳ್ಳಿ.

ಫ್ಲಶಿಂಗ್‌ನ ಇನ್ನೊಂದು ಅಡ್ಡ ಪರಿಣಾಮ ಆಗುವುದು ನಾನ್-ರಿಟರ್ನ್ ವಾಲ್ವ್ ಮೇಲೆ, ಅಂದರೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಮೇಲೆ. ಸಡಿಲವಾದ ಕೆಸರು, ತುಕ್ಕಿನ ಚೂರು ಸ್ಟ್ಯಾಂಡ್‌ಬೈ ಪಂಪ್‌ನ ನಾನ್-ರಿಟರ್ನ್ ವಾಲ್ವ್‌ನ ಬಾಯಿಗೆ ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ. 1ನೇ ಪಂಪ್ ತಳ್ಳಿದ ನೀರಿನಲ್ಲಿ ಒಂದು ಪಾಲು ಕಟ್ಟಡಕ್ಕೆ ಹೋಗದೆ 2ನೇ ಪಂಪ್ ಮೂಲಕ ಹಿಂದಕ್ಕೆ ಬಂದು ಅಲ್ಲೇ ಸುತ್ತುತ್ತದೆ. ಮೋಟಾರ್ ಹೆಚ್ಚು ಎಳೆಯುತ್ತದೆ, ಮೇಲಿನ ಮಹಡಿಗಳಿಗೆ ಬಿಸಿ ಸಾಲದು. ಪರೀಕ್ಷೆಗೆ ಒಂದೇ ನಿಮಿಷ ಸಾಕು: 1ನೆಯದು ಓಡುತ್ತಿರುವಾಗ 2ನೆಯದರ ಕಪ್ಲಿಂಗ್ ಅಥವಾ ಫ್ಯಾನ್ ಹಿಮ್ಮುಖವಾಗಿ ತಿರುಗುತ್ತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ, ಆಮೇಲೆ 2ನೆಯದರ ಡೆಲಿವರಿ ವಾಲ್ವ್ ಮುಚ್ಚಿ. 1ನೆಯದರ ಕರೆಂಟ್ ತಟ್ಟನೆ ಇಳಿದರೆ ಕಳ್ಳ ಸಿಕ್ಕ. ಇದನ್ನು ಹಾಗೇ ಬಿಡುವುದು ಅಪಾಯ. ಹಿಮ್ಮುಖ ತಿರುಗುತ್ತಿರುವ ಪಂಪ್‌ಗೆ ಸ್ಟ್ಯಾಂಡ್‌ಬೈ ಆದೇಶ ಬಂದರೆ ಸ್ಟಾರ್ಟಿಂಗ್ ಕರೆಂಟ್ ಮಾಮೂಲಿಗಿಂತ ಬಹಳ ಹೊತ್ತು ನಿಲ್ಲುತ್ತದೆ, ಶಾಫ್ಟ್‌ಗೆ ಹೊಡೆತ ಬೀಳುತ್ತದೆ. 2ನೆಯದೂ ಒಮ್ಮೊಮ್ಮೆ ಟ್ರಿಪ್ ಆಗುವುದಕ್ಕೆ ಇದೂ ಕಾರಣವಿರಬಹುದು.

ಹೊಸ ಮೋಟಾರ್ ಕೂಡ ತನ್ನ ಪಾಲು ಸೇರಿಸಿರಬಹುದು. ಈಗಿನ ಐಇ3, ಐಇ4 (ಹೆಚ್ಚಿನ ದಕ್ಷತೆಯ ದರ್ಜೆ) ಮೋಟಾರ್‌ಗಳಲ್ಲಿ ಸ್ಲಿಪ್ ಕಡಿಮೆ, ಅಂದರೆ ಅವು ಸ್ವಲ್ಪ ಹೆಚ್ಚು ವೇಗವಾಗಿ ತಿರುಗುತ್ತವೆ. ಹಳೆಯದು 1440 ಆರ್‌ಪಿಎಂ, ಹೊಸದು 1465 ಆದರೆ ವ್ಯತ್ಯಾಸ ಬರೀ 1.7 ಶೇಕಡಾ. ಪಂಪ್‌ಗೆ ಬೇಕಾದ ಪವರ್ ವೇಗದ ಘನಕ್ಕೆ ಅನುಗುಣವಾದ್ದರಿಂದ ಅದು 5 ಶೇಕಡಾ ಏರುತ್ತದೆ. ಇದೊಂದೇ ಟ್ರಿಪ್ ಮಾಡಿಸುವುದಿಲ್ಲ, ಆದರೆ ಅಂಚಿನಲ್ಲಿರುವ ಪಂಪನ್ನು ಆಚೆ ತಳ್ಳಲು ಸಾಕು.

ಟರ್ಮಿನಲ್ ಬಾಕ್ಸ್ ತೆರೆದು ಲಿಂಕ್ ಪಟ್ಟಿಗಳನ್ನೂ ನೋಡಿ. 5.5 ಕಿಲೋವ್ಯಾಟ್ ಮೋಟಾರ್‌ನ ನೇಮ್‌ಪ್ಲೇಟ್ ಸಾಮಾನ್ಯವಾಗಿ ಡೆಲ್ಟಾಗೆ 400 ಅಥವಾ 415, ಸ್ಟಾರ್‌ಗೆ 690 ಎನ್ನುತ್ತದೆ. ಅಂಥದ್ದನ್ನು ಡಿಒಎಲ್‌ನಲ್ಲಿ ಡೆಲ್ಟಾ ಕಟ್ಟಬೇಕು. ಸ್ಟಾರ್‌ನಲ್ಲಿ ಕಟ್ಟಿದರೆ ಟಾರ್ಕ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪಂಪ್ ತಿರುಗುತ್ತದೆ, ಎಲ್ಲ ಸರಿ ಎನಿಸುತ್ತದೆ, ಲೋಡ್ ಬಿದ್ದಾಗ ವೇಗ ಕುಸಿದು ಕರೆಂಟ್ ಏರುತ್ತದೆ. ಇದಕ್ಕೆ ಉಲ್ಟಾ ತಪ್ಪು, ಅಂದರೆ ಡೆಲ್ಟಾ 230, ಸ್ಟಾರ್ 400 ಎಂದಿರುವುದನ್ನು ಡೆಲ್ಟಾ ಕಟ್ಟುವುದು, ಆದರೆ 20 ನಿಮಿಷ ಕಾಯಬೇಕಿಲ್ಲ. ರಿಲೇ ಕೂಡಲೇ ಬೀಳುತ್ತದೆ, ಬೀಳದಿದ್ದರೆ ವಾಸನೆ ಬರುತ್ತದೆ. ತಿರುಗುವ ದಿಕ್ಕನ್ನೂ ಬಾಣದ ಗುರುತಿಗೆ ತಾಳೆ ನೋಡಿ. ಸೆಂಟ್ರಿಫ್ಯೂಗಲ್ ಪಂಪ್ ಉಲ್ಟಾ ತಿರುಗಿದರೂ ಸ್ವಲ್ಪ ನೀರು ತಳ್ಳುತ್ತದೆ, ನೀರು ಬರುತ್ತಿದೆ ಎಂಬುದು ಸಾಕ್ಷಿಯಲ್ಲ.

ಬೇರಿಂಗ್ ಬಿಗಿ, ಕಪ್ಲಿಂಗ್ ಅಲೈನ್‌ಮೆಂಟ್ ತಪ್ಪಿರುವುದು, ಇಂಪೆಲ್ಲರ್ ಉಜ್ಜುವುದು ಇವೆಲ್ಲ ಸದ್ದು ಮತ್ತು ನಡುಕದಿಂದ ಗೊತ್ತಾಗುತ್ತವೆ, ಮಧ್ಯಾಹ್ನವೂ ಬಿಡುವುದಿಲ್ಲ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಅವು ಕೆಳಗೆ.

ಒಂದು ಫೇಸ್ ಮಾತ್ರ ಹೆಚ್ಚಿದ್ದರೆ

ಆಗ ಮೊದಲು ವೋಲ್ಟೇಜ್ ಕಡೆ ನೋಡಬೇಕು. ಪಂಪ್ ಕೊಟ್ಟವರು ವೋಲ್ಟೇಜ್ ಕಡಿಮೆ ಎಂದರು. ಕಡಿಮೆಗಿಂತ ಅಸಮತೋಲನ ಹೆಚ್ಚು ಕೆಟ್ಟದ್ದು. 415, 408, 397 ಬಂತು ಎಂದುಕೊಳ್ಳಿ. ಸರಾಸರಿ 406.7, ಅದರಿಂದ ಅತಿ ದೂರದ್ದು 397, ವ್ಯತ್ಯಾಸ 9.7, ಅಸಮತೋಲನ 2.4 ಶೇಕಡಾ. ಕೇಳಲು ಚಿಕ್ಕದು. ಕರೆಂಟ್‌ನಲ್ಲಿ ಇದು 6ರಿಂದ 10 ಪಟ್ಟಾಗಿ ಕಾಣುತ್ತದೆ, ಅಂದರೆ ಒಂದು ಫೇಸ್ 15–20 ಶೇಕಡಾ ಮೇಲೆ ಹೋಗಬಹುದು. 1 ಶೇಕಡಾದೊಳಗಿದ್ದರೆ ಚಿಂತೆಯಿಲ್ಲ, ಅದರಾಚೆ ಮೋಟಾರ್ ಮೇಲಿನ ಲೋಡ್ ಇಳಿಸಬೇಕು, 5 ದಾಟಿದರೆ ಓಡಿಸಲೇಬಾರದು. ಮೂರೂ ಸಮವಾಗಿ ಕಡಿಮೆಯಿದ್ದರೆ ಪರಿಣಾಮ ಇಷ್ಟು ತೀವ್ರವಲ್ಲ: ಪೂರ್ತಿ ಲೋಡ್‌ನಲ್ಲಿ 10 ಶೇಕಡಾ ಇಳಿದರೆ ಕರೆಂಟ್ ಸುಮಾರು ಅಷ್ಟೇ ಏರುತ್ತದೆ. ನಿಮ್ಮಲ್ಲಿ ಬೆಳಿಗ್ಗೆ ಮೂರೂ 400ರ ಮೇಲಿದ್ದರೆ ಆ ವಾದವನ್ನು ಅಲ್ಲಿಗೇ ಬಿಡಿ.

ಅಸಮ ಕರೆಂಟ್ ಸಪ್ಲೈಯದೋ ಮೋಟಾರ್‌ನದೋ ಎಂಬ ಜಗಳ ಎಲ್ಲ ಕಡೆ ಇದ್ದದ್ದೇ. ಅದನ್ನು ಬಿಡಿಸಲು ಹಳೆಯ, ಖರ್ಚಿಲ್ಲದ ಪರೀಕ್ಷೆಯಿದೆ. ಸಪ್ಲೈ ಆಫ್ ಮಾಡಿ ಬೀಗ ಹಾಕಿ, ಸ್ಟಾರ್ಟರ್‌ನ ಹೊರಹೋಗುವ ಟರ್ಮಿನಲ್‌ನಲ್ಲಿ ಮೋಟಾರ್‌ನ ಮೂರೂ ವೈರ್‌ಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ: ಆರ್‌ನಲ್ಲಿದ್ದದ್ದು ವೈಗೆ, ವೈನದು ಬಿಗೆ, ಬಿಯದು ಆರ್‌ಗೆ. ಮೂರೂ ಸರಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಎರಡನ್ನು ಮಾತ್ರ ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ, ಜೋಪಾನ. ಮತ್ತೆ ಓಡಿಸಿ ಅಳೆಯಿರಿ. ಹೆಚ್ಚಿನ ಕರೆಂಟ್ ಮೊದಲಿದ್ದ ಟರ್ಮಿನಲ್‌ನಲ್ಲೇ ಉಳಿದರೆ ದೋಷ ಸಪ್ಲೈ, ಫ್ಯೂಸ್ ಅಥವಾ ಕಾಂಟ್ಯಾಕ್ಟರ್‌ನಲ್ಲಿ. ವೈರ್ ಜೊತೆ ಸರಿದರೆ ಮೋಟಾರ್ ಅಥವಾ ಅದರ ಕೇಬಲ್‌ನಲ್ಲಿ.

ಸ್ಟಾರ್ಟರ್ ಕಡೆ ಬಂದರೆ ಪಂಪ್ ಓಡುತ್ತಿರುವಾಗ ಕಾಂಟ್ಯಾಕ್ಟರ್‌ನ ಪ್ರತಿ ಪೋಲ್‌ನ ಒಳ ಮತ್ತು ಹೊರ ಟರ್ಮಿನಲ್ ನಡುವಿನ ವೋಲ್ಟೇಜ್ ಇಳಿಕೆ ಅಳೆಯಬೇಕು. ಮೂರರಲ್ಲೂ ಕೆಲವು ಹತ್ತು ಮಿಲಿವೋಲ್ಟ್, ಹತ್ತಿರಹತ್ತಿರ ಒಂದೇ ಅಂಕಿ ಬರಬೇಕು. ಒಂದರಲ್ಲಿ ಉಳಿದವುಗಳ ಎರಡು-ಮೂರು ಪಟ್ಟು ಬಂದರೆ ಆ ಕಾಂಟ್ಯಾಕ್ಟ್ ಸುಟ್ಟಿದೆ, ಇಲ್ಲವೇ ಅಲ್ಲಿಯ ಸ್ಕ್ರೂ ಸಡಿಲ. ಅಳೆಯುವ ನಡುವೆ ಕಾಂಟ್ಯಾಕ್ಟರ್ ಬಿಟ್ಟರೆ ಮೀಟರ್ ಮೇಲೆ ಪೂರ್ತಿ ಲೈನ್ ವೋಲ್ಟೇಜ್ ಬೀಳುತ್ತದೆ, ಆದ್ದರಿಂದ ಅದನ್ನು ತಡೆಯಬಲ್ಲ ಎಸಿ ವೋಲ್ಟ್ ರೇಂಜ್‌ನಲ್ಲೇ ಅಳೆಯಿರಿ. ಸುಟ್ಟ ಕಾಂಟ್ಯಾಕ್ಟ್‌ಗೆ ಅರ ಹಾಕಿ ಉಜ್ಜುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಮೇಲಿನ ಬೆಳ್ಳಿ ಮಿಶ್ರಲೋಹದ ಪದರ ಹೋದರೆ ಅದು ಇನ್ನೂ ಬೇಗ ಸುಡುತ್ತದೆ. ಕಾಂಟ್ಯಾಕ್ಟ್ ಕಿಟ್ ಅಥವಾ ಇಡೀ ಕಾಂಟ್ಯಾಕ್ಟರ್ ಬದಲಿಸಿ.

ಮೋಟಾರ್ ಕಡೆ ಬಂದರೆ 500 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ಪ್ರತಿ ಫೇಸ್‌ನಿಂದ ಅರ್ತ್‌ಗೆ ನೋಡಿ. 5 ಮೆಗಾಓಮ್‌ಗಿಂತ ಕಡಿಮೆಯಿದ್ದರೆ ತೇವ ಅಥವಾ ಇನ್ಸುಲೇಷನ್ ದೋಷ. ಹೊಸ ಮೋಟಾರ್ ನೂರಾರು ಮೆಗಾಓಮ್ ತೋರಿಸಬೇಕು. ಆದರೆ ಮೆಗ್ಗರ್ ಒಳ್ಳೆಯ ಅಂಕಿ ಕೊಟ್ಟ ಮಾತ್ರಕ್ಕೆ ವೈಂಡಿಂಗ್ ಸರಿ ಎಂದಲ್ಲ. ಒಂದೇ ಕಾಯಿಲ್‌ನ ಸುತ್ತುಗಳ ನಡುವಿನ ಶಾರ್ಟ್ ಅದಕ್ಕೆ ಕಾಣುವುದೇ ಇಲ್ಲ. ಅದಕ್ಕೆ ಮಿಲಿಓಮ್ ಮೀಟರ್‌ನಲ್ಲಿ ಮೂರು ಜೋಡಿಯ ರೆಸಿಸ್ಟೆನ್ಸ್ ಹೋಲಿಸಬೇಕು. ಸಾಧಾರಣ ಮಲ್ಟಿಮೀಟರ್‌ನ ಲೀಡ್‌ಗಳದ್ದೇ 0.2–0.3 ಓಮ್ ಇರುತ್ತದೆ, ಒಂದೆರಡು ಓಮ್‌ನ ವೈಂಡಿಂಗ್ ಹೋಲಿಸಲು ಅದು ಸಾಲದು.

ಕರೆಂಟ್ ಸರಿಯಿದ್ದೂ ಟ್ರಿಪ್ ಆದರೆ

ಇದು ಅಪರೂಪವೇನಲ್ಲ. ರಿಲೇಯ ಟರ್ಮಿನಲ್‌ನಲ್ಲಿ 0.05 ಓಮ್‌ನ ಸಡಿಲ ಜೋಡಣೆಯಿದ್ದು 10 ಆಂಪಿಯರ್ ಹರಿದರೆ ಆ ಒಂದು ಸ್ಕ್ರೂವಿನಲ್ಲೇ 5 ವ್ಯಾಟ್ ಶಾಖ. ಅದು ನೇರ ಪಕ್ಕದ ಬೈಮೆಟಲ್‌ಗೆ ಹೋಗುತ್ತದೆ, ರಿಲೇ ಅದನ್ನು ಓವರ್‌ಲೋಡ್ ಎಂದೇ ತಿಳಿಯುತ್ತದೆ. ಥರ್ಮಲ್ ಕ್ಯಾಮೆರಾದಲ್ಲಿ ಒಂದು ಟರ್ಮಿನಲ್ ಪಕ್ಕದವುಗಳಿಗಿಂತ 15 ಡಿಗ್ರಿ ಹೆಚ್ಚಿದ್ದರೆ ಬಿಚ್ಚಿ, ವೈರ್ ತುದಿ ಕಪ್ಪಾಗಿದ್ದರೆ ಕತ್ತರಿಸಿ, ಹೊಸ ಲಗ್ ಹಾಕಿ, ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಕಪ್ಪಾದ ತಂತಿಯನ್ನೇ ಮತ್ತೆ ತಿರುಗಿಸಿ ಬಿಗಿಮಾಡಿದರೆ ವಾರದಲ್ಲಿ ಮತ್ತೆ ಅದೇ ಕಥೆ. ಪ್ಯಾನೆಲ್ ಬಾಯ್ಲರ್ ಪಕ್ಕದಲ್ಲಿದ್ದು ಒಳಗೆ 60 ಡಿಗ್ರಿ ಮುಟ್ಟುತ್ತಿದ್ದರೆ ರಿಲೇಯ ತಾಪಮಾನ ಸರಿದೂಗಿಸುವ ವ್ಯವಸ್ಥೆಗೂ ಮಿತಿಯಿದೆ. ಆದರೆ ನಿಮ್ಮಲ್ಲಿ ತಣ್ಣನೆಯ ಬೆಳಿಗ್ಗೆ ಟ್ರಿಪ್, ಬಿಸಿ ಮಧ್ಯಾಹ್ನ ಇಲ್ಲ. ಹಾಗಾಗಿ ಪ್ಯಾನೆಲ್ ಶಾಖದ ಮೇಲೆ ನನಗೆ ಅಷ್ಟು ಅನುಮಾನವಿಲ್ಲ. ರಿಲೇಯೇ ಕೆಟ್ಟಿದೆ ಎಂಬುದು ಎಲ್ಲ ಮುಗಿದ ಮೇಲಿನ ತೀರ್ಮಾನ. ಖಾತ್ರಿ ಬೇಕಿದ್ದರೆ, ಮಾಡೆಲ್ ಒಂದೇ ಆಗಿದ್ದರೆ, ಎರಡೂ ಪಂಪ್‌ಗಳ ರಿಲೇ ಅದಲುಬದಲು ಮಾಡಿ ನೋಡಿ.

ಟರ್ರ್ ಎನ್ನುವ ಕಾಂಟ್ಯಾಕ್ಟರ್

ಹ್ಯಾಂಡ್‌ನಲ್ಲಿ ಸದ್ದಿಲ್ಲ, ಆಟೋದಲ್ಲಿ ಮಾತ್ರ ಎಂದಿದ್ದೀರಿ. ಈ ಒಂದು ಮಾತಿನಿಂದ ಅರ್ಧ ಕೆಲಸ ಮುಗಿಯಿತು. ಕಾಯಿಲ್, ಶೇಡಿಂಗ್ ರಿಂಗ್, ಮ್ಯಾಗ್ನೆಟ್ ಮೇಲಿನ ಧೂಳು, ಪವರ್ ಸಪ್ಲೈ ಎರಡು ಮೋಡ್‌ಗೂ ಒಂದೇ. ದೋಷ ಅಲ್ಲಿದ್ದರೆ ಹ್ಯಾಂಡ್‌ನಲ್ಲೂ ಬಡಿದುಕೊಳ್ಳುತ್ತಿತ್ತು. ಆಟೋದಲ್ಲಿ ಹೆಚ್ಚುವರಿಯಾಗಿ ಸರಣಿಯಲ್ಲಿ ಬರುವುದು ಬಿಎಂಎಸ್‌ನ ಆದೇಶ ಕಾಂಟ್ಯಾಕ್ಟ್, ಡ್ಯೂಟಿ–ಸ್ಟ್ಯಾಂಡ್‌ಬೈ ಬದಲಿಸುವ ರಿಲೇ, ಮತ್ತು ಬಹುತೇಕ ಕಡೆ ಫ್ಲೋ ಸ್ವಿಚ್ ಅಥವಾ ಪ್ರೆಷರ್ ಸ್ವಿಚ್. ಇವುಗಳಲ್ಲೊಂದು ಅದುರುತ್ತಿದೆ.

ನನ್ನ ಅನುಮಾನ ಫ್ಲೋ ಸ್ವಿಚ್ ಮೇಲೆ, ಅದೂ ಫ್ಲಶಿಂಗ್‌ನಿಂದಲೇ. ಲೈನ್‌ನಲ್ಲಿ ಗಾಳಿ ಉಳಿದರೆ ಪ್ಯಾಡಲ್ ನೀರು–ಗಾಳಿ ಬಂದಂತೆಲ್ಲ ಅಲ್ಲಾಡುತ್ತದೆ, ಅದರ ಕಾಂಟ್ಯಾಕ್ಟ್ ಕ್ಷಣಕ್ಷಣಕ್ಕೆ ಕೂಡಿ ಬಿಡುತ್ತದೆ, ಕಾಂಟ್ಯಾಕ್ಟರ್ ಅದರ ತಾಳಕ್ಕೆ ಕುಣಿಯುತ್ತದೆ. ಮೇಲಿನ ತುದಿಗಳಲ್ಲಿ ಗಾಳಿ ಬಿಡಿ. ನೀರು 80 ಡಿಗ್ರಿಯದ್ದು, ಒತ್ತಡದಲ್ಲಿದೆ ಎಂಬ ಎಚ್ಚರದಲ್ಲಿ, ಸಾಧ್ಯವಾದರೆ ತಣ್ಣಗಾದ ಮೇಲೆ. ಪ್ಯಾಡಲ್‌ನ ಎರಡೂ ಬದಿ ಪೈಪಿನ ವ್ಯಾಸದ 5 ಪಟ್ಟು ನೇರ ಪೈಪ್ ಇರಬೇಕು, ಬೆಂಡ್ ಪಕ್ಕದಲ್ಲೇ ಕೂರಿಸಿದ್ದರೆ ಗಾಳಿಯಿಲ್ಲದೆಯೂ ಅದುರುತ್ತದೆ. ಇನ್ನೊಂದು ವಿಷಯ: ಪಂಪ್ ಓಡಿದರೆ ಮಾತ್ರ ಕೂಡುವ ಫ್ಲೋ ಸ್ವಿಚ್ಚನ್ನು ಅದೇ ಪಂಪ್‌ನ ಕಾಯಿಲ್ ಸರಣಿಯಲ್ಲಿ ಹಾಕಿದ್ದರೆ ಸ್ಟಾರ್ಟ್ ಹೊತ್ತಿನಲ್ಲಿ ಅದನ್ನು ಬದಿಗಿಡುವ ಟೈಮರ್ ಬೇಕು, ಬಿಟ್ಟ ಮೇಲೂ ಕೆಲವು ಸೆಕೆಂಡ್ ಕಾಯುವ ಡಿಲೇ ಬೇಕು. ಆ ಟೈಮರ್‌ನ ಸೆಟ್ಟಿಂಗ್ ಎಷ್ಟಿದೆ, ಕೆಲಸ ಮಾಡುತ್ತಿದೆಯೇ ನೋಡಿ. ಬರ್ನರ್‌ನ ಇಂಟರ್‌ಲಾಕ್‌ನಲ್ಲಿರುವ ಫ್ಲೋ ಸ್ವಿಚ್ ಬೇರೆ, ಅದನ್ನು ಮಾತ್ರ ಯಾವ ಕಾರಣಕ್ಕೂ ಬೈಪಾಸ್ ಮಾಡಬೇಡಿ. ನೀರು ನಿಂತಾಗ ಬೆಂಕಿ ಆರಿಸುವುದು ಅದೇ.

ಸರಣಿಯಲ್ಲಿ ದೋಷ ಹುಡುಕುವ ರೀತಿ ಹೀಗೆ. ಮೀಟರ್‌ನ ಕಪ್ಪು ಪ್ರೋಬ್ ಕಾಯಿಲ್‌ನ ಎ2ನಲ್ಲಿ, ಅಂದರೆ ನ್ಯೂಟ್ರಲ್‌ನಲ್ಲಿ ಇಟ್ಟು, ಕೆಂಪನ್ನು ಕಂಟ್ರೋಲ್ ಫ್ಯೂಸ್‌ನಿಂದ ಶುರುಮಾಡಿ ಎಮರ್ಜೆನ್ಸಿ ಸ್ಟಾಪ್, ಓವರ್‌ಲೋಡ್ ರಿಲೇಯ 95–96 ಕಾಂಟ್ಯಾಕ್ಟ್ (ಟ್ರಿಪ್ ಆದಾಗ ಬಿಡುವುದು), ಸೆಲೆಕ್ಟರ್ ಸ್ವಿಚ್, ಇಂಟರ್‌ಲಾಕ್‌ಗಳು, ಕೊನೆಗೆ ಎ1 ಎಂದು ಒಂದೊಂದೇ ಹೆಜ್ಜೆ ಸರಿಸಿ. 230 ಎಲ್ಲಿ ಕುಸಿಯುತ್ತದೋ ಅಥವಾ ಕುಣಿಯುತ್ತದೋ ಅದರ ಹಿಂದಿನ ಕಾಂಟ್ಯಾಕ್ಟ್ ಅಪರಾಧಿ. ಎ1ರಲ್ಲಿ ಕಾಯಿಲ್ ಎಳೆಯುವ ಕ್ಷಣದಲ್ಲೂ 196 ವೋಲ್ಟ್‌ಗಿಂತ ಕೆಳಗಿಳಿಯಬಾರದು. 230ರ ಕಾಯಿಲ್ ಖಾತ್ರಿಯಾಗಿ ಎಳೆಯುವುದು ತನ್ನ ವೋಲ್ಟೇಜ್‌ನ 85 ಶೇಕಡಾದಿಂದ ಮೇಲೆ. ಬಿಎಂಎಸ್‌ನಿಂದ ಉದ್ದದ ಕೇಬಲ್ ಬಂದಿದ್ದರೆ ತೆರೆದ ವೈರ್‌ನಲ್ಲೂ ಡಿಜಿಟಲ್ ಮೀಟರ್ 60–100 ವೋಲ್ಟ್ ತೋರಿಸುತ್ತದೆ. ಅದು ಪಕ್ಕದ ವೈರ್‌ನಿಂದ ಬಂದ ಹುಸಿ ವೋಲ್ಟೇಜ್. ಲೋ-ಇಂಪೀಡೆನ್ಸ್ ರೇಂಜ್ ಇರುವ ಮೀಟರ್ ಹಿಡಿದರೆ ಮಾಯವಾಗುತ್ತದೆ.

ಈ ಟರ್ರ್ ಸದ್ದನ್ನು ಸಣ್ಣದೆಂದು ಬಿಡಬೇಡಿ. ಪ್ರತಿ ಬಡಿತಕ್ಕೂ ಕಾಂಟ್ಯಾಕ್ಟ್‌ಗಳು 65–75 ಆಂಪಿಯರ್‌ನ ಸ್ಟಾರ್ಟಿಂಗ್ ಕರೆಂಟ್ ಮೇಲೆ ಕೂಡಿ ಬಿಡುತ್ತವೆ. ಹೀಗೆ ಒಂದು ಪೋಲ್ ಸುಟ್ಟು ಎರಡನೆಯ ದಾರಿಯ ದೋಷ, ಅಂದರೆ ಅಸಮ ಕರೆಂಟ್, ಅದರ ಮೇಲೆ ಸೇರಿಕೊಂಡಿರಬಹುದು. ನಿಮ್ಮಲ್ಲಿ ಎರಡೂ ಒಟ್ಟಿಗೆ ಇದ್ದರೆ ನನಗೆ ಅಚ್ಚರಿಯಿಲ್ಲ. 1ನೇ ಪಂಪ್ 2ನೆಯದಕ್ಕಿಂತ ಹೆಚ್ಚು ಸಲ ಬೀಳುವುದಕ್ಕೂ ಅದು ಉತ್ತರವಾದೀತು.

ನಿಮ್ಮ ಆಯ್ಕೆಗಳು

ಪಂಪ್ ಹೆಚ್ಚು ನೀರು ತಳ್ಳುತ್ತಿರುವುದು ಖಚಿತವಾದರೆ ಮೊದಲ ಕೆಲಸ ಸಿಸ್ಟಮ್ ಮತ್ತೆ ಬ್ಯಾಲೆನ್ಸ್ ಮಾಡಿಸುವುದು ಮತ್ತು ನಾನ್-ರಿಟರ್ನ್ ವಾಲ್ವ್ ಬಿಚ್ಚಿ ಶುಚಿ ಮಾಡುವುದು. ಬಹುಶಃ ಇಷ್ಟರಲ್ಲೇ ಮುಗಿಯುತ್ತದೆ. ಬಿಎಂಎಸ್‌ನಲ್ಲಿ ಬೆಳಿಗ್ಗೆ ಎಲ್ಲ ಮಹಡಿ ಒಟ್ಟಿಗೆ ತೆರೆಯದೆ ಅರ್ಧ ಮೊದಲು, ಉಳಿದರ್ಧ ಅರ್ಧ ಗಂಟೆ ಬಿಟ್ಟು ತೆರೆಯುವಂತೆ ಮಾಡಿದರೂ ಹೊರೆ ಇಳಿಯುತ್ತದೆ. ಕಟ್ಟಡ ಬೆಚ್ಚಗಾಗಲು ಸ್ವಲ್ಪ ತಡವಾಗುತ್ತದೆ, ಆದ್ದರಿಂದ ಬೇಗ ಶುರುಮಾಡಬೇಕು.

ವಿಎಫ್‌ಡಿ ಒಳ್ಳೆಯ ಆಯ್ಕೆ, ಆದರೆ ದೋಷ ಮುಚ್ಚಿಡಲು ಅಲ್ಲ. 50ರಿಂದ 46 ಹರ್ಟ್ಜ್‌ಗೆ ಇಳಿಸಿದರೆ ಪವರ್ 22 ಶೇಕಡಾ ಇಳಿಯುತ್ತದೆ. ನಾನ್-ರಿಟರ್ನ್ ವಾಲ್ವ್ ಸೋರುತ್ತಲೇ ಇದ್ದರೆ ಅದೂ ವ್ಯರ್ಥ. ಹಾಕಿಸಿದರೆ ಡ್ರೈವ್ ಮತ್ತು ಮೋಟಾರ್ ನಡುವೆ ಹಳೆಯ ಕಾಂಟ್ಯಾಕ್ಟರ್ ಬಿಟ್ಟು ಅದರಿಂದ ಆನ್–ಆಫ್ ಮಾಡಬೇಡಿ, ಡ್ರೈವ್‌ನ ಔಟ್‌ಪುಟ್ ಹೋಗುತ್ತದೆ. ಮೆಗ್ಗರ್ ಹಿಡಿಯುವ ಮುಂಚೆ ಡ್ರೈವ್‌ನಿಂದ ಕೇಬಲ್ ಬಿಚ್ಚಲೇಬೇಕು. ಸಪ್ಲೈಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಡಿ (ಅರ್ತ್‌ಗೆ ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸಾಧನ) ಇದ್ದರೆ ಡ್ರೈವ್‌ನ ಸಹಜ ಲೀಕೇಜ್‌ಗೇ ಅದು ಬೀಳಬಹುದು. ಇಂಪೆಲ್ಲರ್ ಕಡೆಸುವುದು ಅಗ್ಗ, ಆದರೆ ಕಡೆಸಿದ್ದನ್ನು ಮರಳಿ ಅಂಟಿಸಲಾಗದು. ಪಂಪ್ ಕರ್ವ್ ಮುಂದಿಟ್ಟುಕೊಂಡು ಪಂಪ್‌ನವರೇ ಎಷ್ಟು ಮಿಲಿಮೀಟರ್ ಎಂದು ಹೇಳಬೇಕು.

7.5 ಕಿಲೋವ್ಯಾಟ್ ಮೋಟಾರ್ ನನಗೆ ಒಪ್ಪಿಗೆಯಿಲ್ಲ. ಅದು ಬೇಡದ ನೀರನ್ನು ಸುತ್ತಿಸಲು ಇನ್ನಷ್ಟು ವಿದ್ಯುತ್ ಖರ್ಚು ಮಾಡುವ ದಾರಿ. 4 ಪೋಲ್‌ನಲ್ಲಿ 5.5 ಸಾಮಾನ್ಯವಾಗಿ 132ಎಸ್ ಫ್ರೇಮ್, 7.5 132ಎಂ. ಶಾಫ್ಟ್ ಎತ್ತರ ಒಂದೇ ಆದರೂ ಉದ್ದಕ್ಕೆ ಕಾಲಿನ ತೂತುಗಳ ಅಂತರ 140ರ ಬದಲು 178 ಮಿಲಿಮೀಟರ್. ಬೇಸ್ ಕೊರೆಯಬೇಕು, ಕೇಬಲ್, ಕಾಂಟ್ಯಾಕ್ಟರ್, ರಿಲೇ ಎಲ್ಲ ಮರುಲೆಕ್ಕ.

ಆಟೋ ರೀಸೆಟ್ ಬೇಡ. ದೋಷ ಉಳಿದಿರುವಾಗ ಮೋಟಾರ್ ಬಿಸಿ ಆರುವ ಮೊದಲೇ ರಿಲೇ ತಣ್ಣಗಾಗಿ ಮತ್ತೆ ಚಾಲೂ ಮಾಡುತ್ತದೆ, ಮತ್ತೆ ಬೀಳುತ್ತದೆ; ರಾತ್ರಿ ಯಾರೂ ಇಲ್ಲದಾಗ ಇದು ವೈಂಡಿಂಗ್ ಸುಡುವವರೆಗೆ ನಡೆಯುತ್ತದೆ. ಕಪ್ಲಿಂಗ್ ಮೇಲೆ ಯಾರೋ ಕೈಯಿಟ್ಟಿರುವಾಗ ಪಂಪ್ ತಾನಾಗಿ ಎದ್ದರೆ ಅದರ ಪರಿಣಾಮ ಮೋಟಾರ್‌ಗಷ್ಟೇ ನಿಲ್ಲುವುದಿಲ್ಲ. ಅದರ ಬದಲು 97–98 ಕಾಂಟ್ಯಾಕ್ಟನ್ನು ಬಿಎಂಎಸ್‌ಗೆ ಕೊಟ್ಟು, ಟ್ರಿಪ್ ಆದ ಕೂಡಲೇ ಅಲಾರಂ ಬಂದು 2ನೇ ಪಂಪ್ ಚಾಲೂ ಆಗುವಂತೆ ಮಾಡಿಸಿ. ಅದಕ್ಕೂ ಮೊದಲು 2ನೆಯದರ ನಾನ್-ರಿಟರ್ನ್ ವಾಲ್ವ್ ಸರಿಯಾಗಿರಬೇಕು.